ಅಣುಶಕ್ತಿಯ ಹಣ, ಓಝೋನಿನ ಲೆಕ್ಕ

1973ರಲ್ಲಿ ರಸಾಯನವಿಜ್ಞಾನಿ ಮಾರಿಯೊ ಮೊಲಿನಾ ಪೋಸ್ಟ್‌ಡಾಕ್ ಆಗಿ ಕ್ಯಾಲಿಫೋರ್ನಿಯಾದ ಅರ್ವೈನ್‌ಗೆ ಬಂದರು. ಅಲ್ಲಿನ ಪ್ರಾಧ್ಯಾಪಕ ಶೆರ್ವುಡ್ ರೋಲೆಂಡ್ ಮುಂದಿಟ್ಟ ವಿಷಯಗಳಲ್ಲಿ ಅವರು ಆರಿಸಿಕೊಂಡದ್ದು ಇಬ್ಬರಿಗೂ ಹೊಸದು: ಫ್ರಿಜ್ಜು, ಸ್ಪ್ರೇ ಡಬ್ಬಿಗಳಿಂದ ಹೊರಬಿದ್ದ ಸಿಎಫ್‌ಸಿ (ಕ್ಲೋರೋಫ್ಲೋರೋಕಾರ್ಬನ್) ಕೊನೆಗೆ ಏನಾಗುತ್ತದೆ? ಹಣ ಕೊಟ್ಟದ್ದು ಅಮೆರಿಕದ ಅಣುಶಕ್ತಿ ಆಯೋಗ. (ಅದಕ್ಕೂ ಸ್ಪ್ರೇ ಡಬ್ಬಿಗೂ ಎಲ್ಲಿಯ ನಂಟು! ರೋಲೆಂಡ್ ವಿಕಿರಣ ರಸಾಯನಶಾಸ್ತ್ರದವರು, ಅಷ್ಟೆ.)

ಕೆಲವೇ ತಿಂಗಳಲ್ಲಿ ಉತ್ತರ ಸಿಕ್ಕಿತು. ಕೆಳಗೆ ಯಾವುದಕ್ಕೂ ಜಗ್ಗದ ಆ ಅಣು, ಮೇಲಿನ ವಾತಾವರಣದಲ್ಲಿ ಅತಿನೇರಳೆ ಕಿರಣಕ್ಕೆ ಒಡೆದು ಕ್ಲೋರಿನ್ ಬಿಡುತ್ತದೆ. ಒಂದೊಂದು ಕ್ಲೋರಿನ್ ಪರಮಾಣುವೂ ಸಾವಿರಾರು ಓಝೋನ್ ಅಣುಗಳನ್ನು ಮುಗಿಸುತ್ತದೆ. 1974ರಲ್ಲಿ ‘ನೇಚರ್’ ಲೇಖನ, 1987ರಲ್ಲಿ ಸಿಎಫ್‌ಸಿಗೆ ಕಡಿವಾಣ ಹಾಕಿದ ಮಾಂಟ್ರಿಯಲ್ ಒಪ್ಪಂದ, 1995ರಲ್ಲಿ ನೊಬೆಲ್.

ಈಗಿನ ಅನುದಾನದ ಅರ್ಜಿಗಳಲ್ಲಿ ‘ನಿರೀಕ್ಷಿತ ಫಲಿತಾಂಶ’ ಎಂಬ ಕಾಲಂ ಇರುತ್ತದೆ. ಮೊಲಿನಾ ಅಲ್ಲಿ ಏನು ತುಂಬುತ್ತಿದ್ದರೋ?