ನೀರಡಿಕೆ ಹುಟ್ಟೋದು ಎಲ್ಲಿ?

(1/5)

ನೀವು ಬಾಯಾರಿಕೆ ಅಂತೀರಾ, ನೀರಡಿಕೆ ಅಂತೀರಾ?

ಬೆಂಗಳೂರು, ಮೈಸೂರು ಕಡೆಯವರು ಬಾಯಾರಿಕೆ ಅಂತಾರೆ. ಬಾಯಿ ಆರೋದು, ಅಂದ್ರೆ ಒಣಗೋದು. ನಮ್ಮ ಬಳ್ಳಾರಿ ಕಡೆ ನೀರಡಿಕೆ. ನಾನು ನರ್ಸಿಂಗ್ ಕಾಲೇಜಲ್ಲಿ ಫಿಸಿಯಾಲಜಿ ಪಾಠ ಮಾಡೋಳು. ಪ್ರತಿ ವರ್ಷ ಈ ಪಾಠ ಬಂದಾಗ ಮಕ್ಕಳಿಗೆ ಮೊದಲು ಕೇಳೋ ಪ್ರಶ್ನೆ ಇದೇ. ಯಾಕಂದ್ರೆ ಬಾಯಾರಿಕೆ ಅನ್ನೋ ಪದದೊಳಗೇ ಒಂದು ಸಿದ್ಧಾಂತ ಕೂತಿದೆ: ದಾಹ ಇರೋದು ಬಾಯಲ್ಲಿ ಅಂತ.

ಅದೇನು ಹಳ್ಳಿ ಮಾತು ಅಂದ್ಕೋಬೇಡಿ. ಅಮೆರಿಕದ ದೊಡ್ಡ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ 1918ರಲ್ಲಿ ಹೆಚ್ಚುಕಡಿಮೆ ಇದನ್ನೇ ಹೇಳಿದ್ರು. ಜೊಲ್ಲು ಕಡಿಮೆಯಾಗಿ ಬಾಯಿ, ಗಂಟಲು ಒಣಗುತ್ತೆ, ಅದೇ ದಾಹ ಅಂತ. ಆದರೆ ಅದಕ್ಕೂ ಎಷ್ಟೋ ವರ್ಷ ಮೊದಲು ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್ ಒಂದು ಕುದುರೆಯ ಅನ್ನನಾಳಕ್ಕೆ ತೂತು ಮಾಡಿ, ಕುಡಿದ ನೀರೆಲ್ಲ ಹೊಟ್ಟೆಗೆ ಹೋಗದೆ ಹೊರಗೆ ಸುರಿಯೋ ಹಾಗೆ ಮಾಡಿ ನೋಡಿದ್ದರು. ಬಾಯಿ, ಗಂಟಲು ಎರಡೂ ತೊಯ್ದು ತೊಪ್ಪೆ. ಆದರೂ ಕುದುರೆ ಕುಡೀತಾನೇ ಇತ್ತು, ಸುಸ್ತಾಗೋವರೆಗೂ. (ಆ ಕಾಲದ ಪ್ರಯೋಗಗಳ ಕಥೆ ಓದುವಾಗ ನನಗೆ ಹೊಟ್ಟೆ ಹಿಂಡುತ್ತೆ. ಪಾಠಕ್ಕೆ ಬೇಕು ಅಂತ ಓದ್ತೀನಿ, ಅಷ್ಟೇ.)

ಹಾಗಾದ್ರೆ ದಾಹ ಎಲ್ಲಿದೆ?

(2/5)

1950ರ ದಶಕದ ಶುರುವಿನಲ್ಲಿ ಸ್ವೀಡನ್ನಿನ ಬೆಂಗ್ಟ್ ಆಂಡರ್ಸನ್ ಆಡುಗಳ ಮಿದುಳಿನ ಹೈಪೊಥಲಾಮಸ್ ಅನ್ನೋ ಜಾಗಕ್ಕೆ ಉಪ್ಪುನೀರಿನ ಸಣ್ಣ ತೊಟ್ಟು ಬಿಟ್ಟರು. ಹೊಟ್ಟೆ ತುಂಬ ನೀರು ಕುಡಿದಿದ್ದ ಆಡುಗಳೂ ಸ್ವಲ್ಪ ಹೊತ್ತಲ್ಲೇ ಮತ್ತೆ ನೀರಿಗೆ ಬಾಯಿ ಹಾಕಿದವು. ಬಾಯಿ ಒಣಗಿರಲಿಲ್ಲ, ಮೈಯಲ್ಲಿ ನೀರಿನ ಕೊರತೆ ಇರಲಿಲ್ಲ. ಮಿದುಳಿನ ಒಂದು ಮೂಲೆಗೆ ಉಪ್ಪು ತಾಗಿತ್ತು, ಅಷ್ಟೇ.

ಈಗ ಆ ಮೂಲೆ ಇನ್ನೂ ಸ್ಪಷ್ಟವಾಗಿ ಗೊತ್ತಾಗಿದೆ. ಸಾಮಾನ್ಯವಾಗಿ ರಕ್ತಕ್ಕೂ ಮಿದುಳಿಗೂ ನಡುವೆ ಒಂದು ಬಿಗಿಯಾದ ತಡೆ ಇರುತ್ತೆ, ರಕ್ತದಲ್ಲಿರೋದೆಲ್ಲ ಒಳಗೆ ಹೋಗೋ ಹಾಗಿಲ್ಲ. ಆದರೆ ಕೆಲವೇ ಕೆಲವು ಚಿಕ್ಕ ಜಾಗಗಳಲ್ಲಿ ಆ ತಡೆ ಇಲ್ಲ. ಅವುಗಳಲ್ಲಿ ಒಂದರ ಹೆಸರು ಸಬ್‌ಫೋರ್ನಿಕಲ್ ಆರ್ಗನ್. ಹೆಸರು ಮರೆತರೂ ಪರವಾಗಿಲ್ಲ. ಮನೆಗೆ ಕಿಟಕಿ ಇದ್ದ ಹಾಗೆ ಅಂದ್ಕೊಳ್ಳಿ. ಅಲ್ಲಿ ಕೂತ ನರಕೋಶಗಳು ರಕ್ತ ಎಷ್ಟು ಗಟ್ಟಿಯಾಗಿದೆ ಅಂತ ಸದಾ ಅಳೀತಾ ಇರ್ತವೆ. ರಕ್ತ ಗಟ್ಟಿಯಾದ್ರೆ ಆ ಕೋಶಗಳಿಂದ ನೀರು ಹೊರಗೆ ಹೋಗಿ ಅವು ಕುಗ್ಗುತ್ತವೆ, ಕುಗ್ಗಿದ ಕೂಡಲೇ ಕೂಗು ಹಾಕ್ತವೆ. ಎಷ್ಟು ಸೂಕ್ಷ್ಮ ಗೊತ್ತಾ? ನೂರಕ್ಕೆ ಒಂದೆರಡು ಪಾಲು ವ್ಯತ್ಯಾಸ ಆದ್ರೆ ಸಾಕು.

ಆ ಕೂಗು ಎರಡು ಕಡೆ ಹೋಗುತ್ತೆ. ಒಂದು, ನಿಮಗೆ: ಏಳು, ನೀರು ಹುಡುಕು. ಇನ್ನೊಂದು, ಪಿಟ್ಯುಟರಿ ಗ್ರಂಥಿಗೆ. ಅಲ್ಲಿಂದ ವ್ಯಾಸೊಪ್ರೆಸಿನ್ ಅನ್ನೋ ಹಾರ್ಮೋನು ಹೊರಟು ಮೂತ್ರಪಿಂಡಕ್ಕೆ, ಇರೋ ನೀರನ್ನ ಹಿಡಿದಿಟ್ಕೋ ಅನ್ನುತ್ತೆ. ರಾತ್ರಿ ಬಸ್ ಹತ್ತಬೇಕು, ದಾರೀಲಿ ಶೌಚಾಲಯ ಸಿಗಲ್ಲ ಅಂತ ಮಧ್ಯಾಹ್ನದಿಂದಲೇ ನೀರು ಬಿಡೋ ಹೆಣ್ಣುಮಕ್ಕಳನ್ನ ಆ ಹೊತ್ತು ಕಾಪಾಡೋದು ಇದೇ ಹಾರ್ಮೋನು. ಅದು ಶೌಚಾಲಯ ಕಟ್ಟಿಸಬೇಕಾದವರ ಕೆಲಸ ಆಗಿತ್ತು ಅನ್ನೋದು ಬೇರೆ ಮಾತು.

(3/5)

ಇಲ್ಲಿ ನನಗೆ ತುಂಬ ಇಷ್ಟವಾದ ಒಂದು ವಿಷಯ ಇದೆ.

ಬಿಸಿಲಲ್ಲಿ ಬಂದು ಮಡಕೆ ನೀರು ಗಟಗಟ ಕುಡೀತೀರಿ. ಅರ್ಧ ಚೊಂಬು ಮುಗಿಯೋದ್ರೊಳಗೆ 'ಅಬ್ಬಾ' ಅನ್ನಿಸುತ್ತೆ ಅಲ್ವಾ? ಆದರೆ ಆ ನೀರು ಕರುಳಿಗೆ ಇಳಿದು, ರಕ್ತಕ್ಕೆ ಸೇರಿ, ರಕ್ತವನ್ನ ತಿಳಿ ಮಾಡೋಕೆ ಹತ್ತು ಹದಿನೈದು ನಿಮಿಷ ಬೇಕು. ಹಾಗಿದ್ರೆ 'ಅಬ್ಬಾ' ಅಂದಿದ್ದು ಯಾರು?

2016ರಲ್ಲಿ ಅಮೆರಿಕದ ಜ್ಯಾಕರಿ ನೈಟ್ ಅವರ ಪ್ರಯೋಗಾಲಯದವರು ಇಲಿಗಳ ಆ ಕಿಟಕಿಯ ನರಕೋಶಗಳನ್ನ ಕಣ್ಣೆದುರೇ ಗಮನಿಸಿ ಉತ್ತರ ಕೊಟ್ರು. ನೀರು ಬಾಯಿಗೆ ಬಿದ್ದ ಒಂದು ನಿಮಿಷದೊಳಗೆ ಆ ಕೋಶಗಳು ಸುಮ್ಮನಾಗಿಬಿಡ್ತವೆ. ರಕ್ತ ಇನ್ನೂ ಗಟ್ಟಿಯಾಗೇ ಇದೆ. ಬರೋ ನೀರಿನ ಲೆಕ್ಕವನ್ನ ಮಿದುಳು ಮುಂಗಡವಾಗಿ ಬರ್ಕೊಳ್ಳುತ್ತೆ! ತಣ್ಣೀರಾದ್ರೆ ಇನ್ನೂ ಬೇಗ ಸುಮ್ಮನಾಗ್ತವೆ. ಬಾಯಿಗೆ ತಣ್ಣನೆಯ ಲೋಹ ತಾಗಿದ್ರೂ ಅವು ತಗ್ಗಿದ್ವು. ಮಡಕೆ ನೀರಿನ ಸುಖ ಸುಮ್ಮನೆ ಮಾತಲ್ಲ ಅಂತಾಯ್ತು.

ಹಾಗಂತ ಮಿದುಳನ್ನ ಪೂರ್ತಿ ಯಾಮಾರಿಸೋಕೆ ಆಗಲ್ಲ. ಅದೇ ತಂಡ ಮುಂದೆ ಇಲಿಗಳಿಗೆ ಉಪ್ಪುನೀರು ಕುಡಿಸಿ ನೋಡಿತು. ಬಾಯಿ ಹೇಳಿದ ಮಾತು ಕೇಳಿ ಕೋಶಗಳು ಮೊದಲು ಸುಮ್ಮನಾದವು. ಕೆಲವು ನಿಮಿಷ ಬಿಟ್ಟು ಕರುಳಿಂದ ಬೇರೆ ವರದಿ ಬಂತು, ಇದು ನೀರಲ್ಲ ಅಂತ. ಮತ್ತೆ ಕೂಗಿದವು.

(4/5)

ಉಪ್ಪು ತಿಂದವನು ನೀರು ಕುಡಿಯಲೇಬೇಕು ಅಂತೀವಿ. ಗಾದೆ ಇರೋದು ಪಾಪದ ಬಗ್ಗೆ, ಆದರೆ ಶರೀರಶಾಸ್ತ್ರವೂ ಸರಿಯಾಗೇ ಇದೆ. ಗಾದೆ ಹೇಳದೇ ಇರೋದು ಇದರ ಉಲ್ಟಾ: ಉಪ್ಪು ಕಳಕೊಂಡವನು ಉಪ್ಪನ್ನೇ ಹುಡುಕಬೇಕು.

ಮೈಯಲ್ಲಿ ಅಳತೆ ಎರಡಿವೆ. ರಕ್ತ ಎಷ್ಟು ಗಟ್ಟಿ ಅನ್ನೋದು ಒಂದು, ಒಟ್ಟು ಎಷ್ಟಿದೆ ಅನ್ನೋದು ಇನ್ನೊಂದು. ಭೇದಿ, ವಾಂತಿ, ವಿಪರೀತ ಬೆವರು, ಇವುಗಳಲ್ಲಿ ನೀರು, ಉಪ್ಪು ಎರಡೂ ಹೋಗಿ ಒಟ್ಟು ಪ್ರಮಾಣವೇ ಇಳಿಯುತ್ತೆ. ಆಗ ಮೂತ್ರಪಿಂಡದ ಕಡೆಯಿಂದ ಸುದ್ದಿ ಹೊರಟು ಆಂಜಿಯೊಟೆನ್ಸಿನ್, ಆಲ್ಡೊಸ್ಟಿರಾನ್ ಅನ್ನೋ ಹಾರ್ಮೋನುಗಳು ಏರ್ತವೆ. ಉಪ್ಪನ್ನ ಮೂತ್ರದಲ್ಲಿ ಬಿಡಬೇಡ ಅಂತ ತಡೀತವೆ, ಮಿದುಳಲ್ಲಿ ಉಪ್ಪಿನ ಆಸೆಯನ್ನೂ ಎಬ್ಬಿಸ್ತವೆ. ಹುಲ್ಲು ಸೊಪ್ಪಲ್ಲಿ ಸೋಡಿಯಂ ಬಹಳ ಕಡಿಮೆ, ಅದಕ್ಕೇ ದನ, ಎಮ್ಮೆಗಳಿಗೆ ಉಪ್ಪು ಕಂಡ್ರೆ ಆ ಪ್ರೀತಿ.

ಮನುಷ್ಯರಲ್ಲಿ ಈ ಆಸೆ ಅಷ್ಟು ನಂಬಿಕಸ್ಥ ಅಲ್ಲ. ನಮಗೆ ಉಪ್ಪಿನಕಾಯಿ ಬೇಕು ಅನ್ನಿಸೋದು ಮುಕ್ಕಾಲು ಪಾಲು ನಾಲಿಗೆಯ ರೂಢಿ. ಆದರೆ ಒಂದು ಕಥೆ ನನ್ನನ್ನ ಬಿಡೋದೇ ಇಲ್ಲ. 1940ರಲ್ಲಿ ಲಾಸನ್ ವಿಲ್ಕಿನ್ಸ್ ಮತ್ತು ಕರ್ಟ್ ರಿಕ್ಟರ್ ದಾಖಲಿಸಿದ್ದು. ಬಾಲ್ಟಿಮೋರ್‌ನಲ್ಲಿ ಮೂರೂವರೆ ವರ್ಷದ ಹುಡುಗ. ಬಿಸ್ಕೆಟ್ಟಿನ ಮೇಲಿನ ಉಪ್ಪು ನೆಕ್ಕಿ ಬಿಸ್ಕೆಟ್ ಬಿಡ್ತಿದ್ದ, ಉಪ್ಪಿನ ಡಬ್ಬಿಯಿಂದಲೇ ತಿಂತಿದ್ದ. ಅವನು ಕಲಿತ ಮೊದಲ ಪದಗಳಲ್ಲಿ 'ಉಪ್ಪು' ಕೂಡ ಒಂದು. ಬೇರೆ ತೊಂದರೆಗೆ ಅಂತ ಆಸ್ಪತ್ರೆಗೆ ಸೇರಿಸಿದ್ರು. ಅಲ್ಲಿ ಮಾಮೂಲಿ ಊಟ, ಬೇಕಾದಷ್ಟು ಉಪ್ಪು ಇಲ್ಲ. ಒಂದು ವಾರದಲ್ಲಿ ಮಗು ತೀರಿಕೊಂಡಿತು. ಆಮೇಲೆ ನೋಡಿದ್ರೆ ಅವನ ಅಡ್ರಿನಲ್ ಗ್ರಂಥಿ ಕೆಟ್ಟಿತ್ತು, ಆಲ್ಡೊಸ್ಟಿರಾನ್ ತಯಾರಾಗೋ ಜಾಗವೇ ಅದು. (ಆ ಹಾರ್ಮೋನು ಪತ್ತೆಯಾಗಿದ್ದು 1950ರ ದಶಕದಲ್ಲಿ.) ಮೂತ್ರದಲ್ಲಿ ಉಪ್ಪೆಲ್ಲ ಸೋರಿ ಹೋಗ್ತಿತ್ತು. ಅಷ್ಟು ದಿನ ಆ ಮಗು ತನ್ನ ಔಷಧ ತಾನೇ ಹುಡುಕಿಕೊಂಡು ಬದುಕಿತ್ತು.

(5/5)

ಇದೆಲ್ಲ ಈಗ ಯಾಕೆ ಬರೀತಿದೀನಿ ಅಂದ್ರೆ, ಹೋದ ಬೇಸಿಗೆಯಲ್ಲಿ ನಮ್ಮಪ್ಪನ ಸೋಡಿಯಂ 118ಕ್ಕೆ ಇಳಿದಿತ್ತು. ಇರಬೇಕಾದ್ದು 135ರಿಂದ 145.

ಅಪ್ಪನಿಗೆ ಎಪ್ಪತ್ಮೂರು. ಬಿಪಿಗೆ ಮಾತ್ರೆ ತಗೊಳ್ತಾರೆ, ಅದು ಮೂತ್ರದಲ್ಲಿ ಉಪ್ಪನ್ನ ಹೊರಗೆ ಕಳಿಸೋ ಜಾತಿಯದು. ಎರಡು ದಿನ ಭೇದಿ ಆಯ್ತು. ನೋಡೋಕೆ ಬಂದವರೆಲ್ಲ ನೀರು ಕುಡೀರಿ, ನೀರು ಕುಡೀರಿ ಅಂದ್ರು. ಅಪ್ಪ ವಿಧೇಯರಾಗಿ ಬರೀ ನೀರು ಕುಡಿದರು. ಮೇಲೆ ಹೇಳಿದ ಎರಡು ಅಳತೆ ನೆನಪಿದೆಯಾ? ಇಲ್ಲಿ ಅವೆರಡೂ ಜಗಳಕ್ಕೆ ಬಿದ್ದವು. ರಕ್ತ ತೆಳುವಾಗ್ತಿದೆ, ನೀರು ಬಿಟ್ಟುಬಿಡು ಅಂತ ಒಂದು. ಒಟ್ಟು ಪ್ರಮಾಣ ಕಡಿಮೆ ಇದೆ, ಒಂದು ತೊಟ್ಟೂ ಬಿಡಬೇಡ ಅಂತ ಇನ್ನೊಂದು. ಇಂಥ ಜಗಳದಲ್ಲಿ ಗೆಲ್ಲೋದು ಎರಡನೆಯದು. ಮೂತ್ರಪಿಂಡ ನೀರು ಹಿಡ್ಕೊಂಡಿತು, ಕುಡಿದಷ್ಟೂ ಸೋಡಿಯಂ ಇಳೀತು. ತೆಳುವಾದ ರಕ್ತದಿಂದ ನೀರು ಮಿದುಳಿನ ಕೋಶಗಳಿಗೆ ನುಗ್ಗುತ್ತೆ, ಅವು ಊದ್ಕೊಳ್ತವೆ. ಬುರುಡೆಯೊಳಗೆ ಊದೋಕೆ ಜಾಗ ಎಲ್ಲಿದೆ? ನಾನು ಊರಿಗೆ ಹೋದಾಗ ಅಪ್ಪ ನನ್ನನ್ನ ಅತ್ತೆಯ ಹೆಸರಿಂದ ಕರೆದರು. "ಬಸ್ ಟೈಮ್ ಆತು, ಟಿಫಿನ್ ಡಬ್ಬಿ ಎಲ್ಲೈತಿ?" ಅಂದರು. ನಿವೃತ್ತಿಯಾಗಿ ಹದಿಮೂರು ವರ್ಷ ಆಗಿದೆ.

ಆಸ್ಪತ್ರೆಯಲ್ಲಿ ಚಿಕ್ಕಪ್ಪನ ಸಿಟ್ಟು ಒಂದೇ: ಉಪ್ಪು ಕಡಿಮೆ ಆಗಿದ್ರೆ ಬೇಗ ಏರಿಸೋಕೇನು? ಏರಿಸೋ ಹಾಗಿಲ್ಲ. ಇಳಿದ ಸೋಡಿಯಂಗೆ ಮಿದುಳು ಹೊಂದಿಕೊಂಡಿರುತ್ತೆ, ಒಮ್ಮೆಲೇ ಏರಿಸಿದ್ರೆ ನರಗಳ ಹೊದಿಕೆ ಹಾಳಾಗಬಹುದು. ಒಂದು ದಿನಕ್ಕೆ 8ರಿಂದ 10 ಅಂಕಿ, ಅದಕ್ಕಿಂತ ಜಾಸ್ತಿ ಬೇಡ. ಮೂರನೇ ದಿನ ಸಂಜೆ ಅಪ್ಪ ನನ್ನ ಹೆಸರು ಹೇಳಿದ್ರು.

ಈಗ ಮಾತ್ರೆ ಬದಲಾಗಿದೆ. ಡಾಕ್ಟರ್ ದಿನಕ್ಕೆ ಇಷ್ಟು ನೀರು ಅಂತ ಲೆಕ್ಕ ಕೊಟ್ಟಿದ್ದಾರೆ, ಮೇಲಿನ ಮಿತಿಯೂ ಇದೆ, ಕೆಳಗಿನ ಮಿತಿಯೂ ಇದೆ. ಕೆಳಗಿನ ಮಿತಿಯದ್ದೇ ನಮ್ಮನೆ ಜಗಳ. "ನೀರಡಿಕಿ ಆದ್ರ ನಾ ಕುಡಿಯಂಗಿಲ್ಲೇನವ್ವಾ?" ಅಂತಾರೆ. ಆಗಲ್ಲ ಅನ್ನೋದೇ ಕಷ್ಟ. 1984ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ 67ರಿಂದ 75 ವಯಸ್ಸಿನ ಆರೋಗ್ಯವಂತ ಗಂಡಸರನ್ನ ಇಡೀ ದಿನ ನೀರಿಲ್ಲದೆ ಇಟ್ರು. ಹುಡುಗರಿಗಿಂತ ಅವರಿಗೆ ದಾಹ ಕಡಿಮೆ, ಬಾಯಿ ಒಣಗಿದ್ದೂ ಅಷ್ಟಾಗಿ ಗೊತ್ತಾಗಲಿಲ್ಲ, ಆಮೇಲೆ ನೀರು ಕೊಟ್ಟಾಗ ಕುಡಿದದ್ದೂ ಕಡಿಮೆ. ಕಿಟಕಿ ಅಲ್ಲೇ ಇರುತ್ತೆ, ಕೂಗು ಸಣ್ಣದಾಗುತ್ತೆ.

ಮನೆಯಲ್ಲಿ ಎಪ್ಪತ್ತು ದಾಟಿದವರಿದ್ದು, ಬಿಪಿ ಮಾತ್ರೆ ನಡೀತಿದ್ರೆ, ಬೇಸಿಗೆ ಏರೋ ಮುಂಚೆ ಅವರ ಡಾಕ್ಟರ್ ಹತ್ರ ಎರಡೇ ಪ್ರಶ್ನೆ ಕೇಳಿ: ದಿನಕ್ಕೆ ಎಷ್ಟು ನೀರು, ಭೇದಿ ಆದ್ರೆ ಈ ಮಾತ್ರೆ ಏನು ಮಾಡಬೇಕು. ನೀವೇ ಮಾತ್ರೆ ನಿಲ್ಲಿಸಬೇಡಿ. ಭೇದಿಗೆ ಬರೀ ನೀರಲ್ಲ, ಓಆರ್‌ಎಸ್. ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಕಲಸಿ. ಇದ್ದಕ್ಕಿದ್ದ ಹಾಗೆ ಹೆಸರು ತಪ್ಪಿ ಕರೆದ್ರೆ ವಯಸ್ಸಾಯ್ತು ಅಂತ ನಗಬೇಡಿ, ರಕ್ತ ಪರೀಕ್ಷೆ ಮಾಡಿಸಿ.

ಮುಂದಿನ ಸರಣಿ ಬೆವರಿನ ಬಗ್ಗೆ. ಗಣಿ ಕಡೆ ಕೆಲಸ ಮಾಡೋರು ಯಾರಾದ್ರೂ ಓದ್ತಿದ್ರೆ, ಬಿಸಿಲಲ್ಲಿ ನೀವು ಏನು ಕುಡೀತೀರಿ ಅಂತ ಕಾಮೆಂಟಲ್ಲಿ ಬರೀರಿ.