ತಿಳಿಯದ ಹಾಡಿನ ಪಾಠ

ಕೊಡಗು ಇನ್ನೂ ಚೀಫ್ ಕಮಿಷನರರ ಆಡಳಿತದ ಪ್ರತ್ಯೇಕ ಪ್ರಾಂತವಾಗಿದ್ದ ಕಾಲದಲ್ಲಿ ಮಡಿಕೇರಿಯಲ್ಲಿ ಓದುತ್ತಿದ್ದ ನಮಗೆ ಇಂಗ್ಲಿಷ್ ಪದ್ಯವೆಂದರೆ ಕಂಠಪಾಠ, ಪದಾರ್ಥ, ಸಾರಾಂಶವೆಂಬ ಮೂರು ಕರ್ಮಗಳ ಸಮುಚ್ಚಯವಾಗಿತ್ತು. ಬರೆಯಿಸಿದ ಸಾರಾಂಶವನ್ನು ಅಕ್ಷರ ತಪ್ಪದೆ ಒಪ್ಪಿಸಿದವನೇ ರಸಿಕ. ತಪ್ಪಿದವನಿಗೆ ಬೆತ್ತವೇ ಭಾಷ್ಯ. ಆಷಾಢದ ಮಳೆ ಹಂಚಿನ ಮಾಡಿನ ಮೇಲೆ ಸುರಿಯತೊಡಗಿದರೆ ಉಪಾಧ್ಯಾಯರ ಕಂಠವೇ ಕೇಳಿಸುತ್ತಿರಲಿಲ್ಲವಾಗಿ, ಕಪ್ಪುಹಲಗೆಯ ಮೇಲಣ ಪದಾರ್ಥವನ್ನೇ ನಾವು ಪದ್ಯವೆಂದು ಬಗೆದಿದ್ದೆವು.

ಈ ಪದ್ಧತಿಯನ್ನು ಮುರಿದವರು ಘಟ್ಟದ ಕೆಳಗಿನಿಂದ ಬಂದ ಒಬ್ಬ ತರುಣ ಉಪಾಧ್ಯಾಯರು. ಕೊಡಗಿನ ಸುಗ್ಗಿಹಬ್ಬವಾದ ಹುತ್ತರಿ ಕಳೆದ ವಾರ ಅವರು ವರ್ಡ್ಸ್‌ವರ್ತ್ ಕವಿಯ 'ದಿ ಸಾಲಿಟರಿ ರೀಪರ್' ಪದ್ಯವನ್ನು ಎತ್ತಿಕೊಂಡರು. 1807ರಲ್ಲಿ ಪ್ರಕಟವಾದ ಆ ಪದ್ಯದಲ್ಲಿ, ಸ್ಕಾಟ್ಲೆಂಡಿನ ಬೆಟ್ಟಸೀಮೆಯಲ್ಲಿ ಏಕಾಕಿನಿಯಾಗಿ ಪೈರು ಕೊಯ್ಯುತ್ತ ಹಾಡುವ ಹೆಣ್ಣಿನ ಭಾಷೆ ಕವಿಗೆ ತಿಳಿಯದು. ತಿಳಿಯದಿದ್ದರೂ ಆ ನಾದ ಅವನ ಹೃದಯದಲ್ಲಿ ನೆಲಸಿ ಅವನೊಡನೆ ಬೆಟ್ಟವೇರುತ್ತದೆ. ಪದಾರ್ಥದ ಗೊಡವೆಗೆ ಹೋಗದೆ ಅದನ್ನು ಎರಡು ಸಲ ಓದಿದ ಅವರು, ಹುತ್ತರಿಯಲ್ಲಿ ದುಡಿ ಬಾರಿಸುತ್ತ ಮನೆಮನೆಗೆ ಬಂದವರು ಏನು ಹಾಡಿದರೆಂದು ತಮಗೆ ಒಂದು ಮಾತೂ ತಿಳಿಯಲಿಲ್ಲವೆಂದೂ, ಆದರೂ ಆ ರಾತ್ರಿ ನಿದ್ದೆ ಬರಲಿಲ್ಲವೆಂದೂ ಹೇಳಿ, ಅದರ ಅರ್ಥವನ್ನು ಯಾರಾದರೂ ತಿಳಿಸುವಿರಾ ಎಂದು ಕೇಳಿದರು. ನಾನು ಎದ್ದು ನಿಂತು ಕೊಡವ ಹಾಡನ್ನು ಕನ್ನಡದಲ್ಲಿ ಹೇಳಹೊರಟೆ. ಅರ್ಥವೆಲ್ಲ ಬಂದಿತು, ಹಾಡು ಬರಲಿಲ್ಲ. ನಾವು ದಿನವೂ ಪದ್ಯಗಳಿಗೆ ಮಾಡುತ್ತಿರುವುದು ಇದನ್ನೇ ಎಂದು ಅವರು ನಕ್ಕರು. ಮರುದಿನ ನಾನು ಮನೆಯಲ್ಲಿದ್ದ 'ಪಟ್ಟೋಲೆ ಪಳಮೆ'ಯನ್ನು, ನಡಿಕೇರಿಯಂಡ ಚಿಣ್ಣಪ್ಪನವರು ನಾಡಿನ ಹಾಡುಗಳನ್ನು ಸಂಗ್ರಹಿಸಿ 1924ರಲ್ಲಿ ಅಚ್ಚು ಹಾಕಿಸಿದ ಗ್ರಂಥವನ್ನು, ಅವರ ಕೈಗಿತ್ತೆ. ಅವರು ಅದಕ್ಕೆ ಪ್ರತಿಯಾಗಿ, ತಮ್ಮಂತೆಯೇ ಘಟ್ಟವೇರಿ ಬಂದು ಮಡಿಕೇರಿಯಲ್ಲಿ ಮುಖ್ಯೋಪಾಧ್ಯಾಯರಾಗಿದ್ದ ಪಂಜೆ ಮಂಗೇಶರಾಯರ 'ಹುತ್ತರಿ ಹಾಡ'ನ್ನು ನಮ್ಮೆಲ್ಲರಿಂದ ಹಾಡಿಸಿದರು.

1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯದಲ್ಲಿ ಸೇರಿತು, ಪಠ್ಯಗಳು ಬದಲಾದುವು, ನಾನೂ ಉಪಾಧ್ಯಾಯನಾದೆ. ಕಾಲಕ್ರಮದಲ್ಲಿ ಬೆತ್ತ ಹೋಯಿತು, ಅದರೊಡನೆ ಕಂಠಪಾಠವೂ ಹೋಯಿತು. ರಸಾಸ್ವಾದವನ್ನು ಪರೀಕ್ಷಿಸುವ ಪ್ರಶ್ನೆಗಳು ಬಂದುವಾದರೂ, ಅವುಗಳ ಬೆನ್ನಿಗೇ ಸಿದ್ಧ ಉತ್ತರಗಳು ಪೇಟೆಯ ಗೈಡುಗಳಲ್ಲಿ ಅಚ್ಚಾಗಿ ಬಂದುವು. ಹಿಂದೆ ಅರ್ಥವನ್ನು ಬಾಯಿಪಾಠ ಮಾಡುತ್ತಿದ್ದ ಹುಡುಗರು ಈಗ ಆನಂದವನ್ನು ಬಾಯಿಪಾಠ ಮಾಡತೊಡಗಿದರು. ಪೆಟ್ಟು ತಿಂದು ಕಲಿತ ನಮಗೆ ಪದ್ಯವಾದರೂ ನಾಲಗೆಯ ಮೇಲೆ ಉಳಿದಿತ್ತು. ಇವರಿಗೆ ಅದೂ ಉಳಿಯಲಿಲ್ಲ.

ಉಪಾಧ್ಯಾಯ ಮಿತ್ರರಲ್ಲಿ ನನ್ನ ಬಿನ್ನಹ ಇಷ್ಟೆ: ಪದಾರ್ಥ ಬರೆಯಿಸುವ ಮೊದಲು ಪದ್ಯವನ್ನು ಎರಡು ಸಲ ಗಟ್ಟಿಯಾಗಿ ಓದಿರಿ, ಮಳೆ ಜೋರಾಗಿದ್ದರೆ, ನಿಲ್ಲುವವರೆಗೆ ಕಾಯಿರಿ.