ಗಾಜಿನ ಈಚೆ

ಜುಲೈ 1, 2024, ಸೋಮವಾರ

ಕುಟುಂಬ ಚಿಕಿತ್ಸೆ ತರಬೇತಿಯ ಹೊಸ ಬ್ಯಾಚು ಇವತ್ತು ಶುರುವಾಯಿತು. ಧಾರವಾಡದ ಹುಡುಗ, ಕೋಟ್ಟಯಂನ ಹುಡುಗಿ, ಗುವಾಹಟಿಯವಳು, ತೆಲುಗು ಮನೆಮಾತಿನ ಕೋಲಾರದವಳು, ಉರ್ದು, ತಮಿಳು, ಕನ್ನಡ ಮೂರನ್ನೂ ಒಂದೇ ಉಸಿರಿನಲ್ಲಿ ಆಡುವ ಶಿವಾಜಿನಗರದ ಹುಡುಗ. ಒಂದೇ ಭಾಷೆ ಬಲ್ಲವರು ಒಬ್ಬರೂ ಇಲ್ಲ. ಆದರೆ ಕುಟುಂಬ ಚಿಕಿತ್ಸೆಯನ್ನು ಎಲ್ಲರೂ ಓದಿರುವುದು ಇಂಗ್ಲಿಷಿನಲ್ಲಿ. ನಮ್ಮಲ್ಲಿಗೆ ಬರುವ ಮನೆಗಳಲ್ಲಿ ಇಂಗ್ಲಿಷಿನಲ್ಲಿ ಜಗಳ ಆಡುವವರು ಅಪರೂಪ.

ಆಫೀಸಿನವರು ಒಂದು ಪ್ರಸ್ತಾವ ಕಳಿಸಿದ್ದಾರೆ. ಇನ್ನು ಮುಂದೆ ಕುಟುಂಬದ ಮನೆಮಾತು ನೋಡಿ, ಆ ಭಾಷೆ ಬಲ್ಲ ಟ್ರೇನಿಗೇ ಕೇಸು ಕೊಡಬೇಕಂತೆ. ತಿಂಗಳ ಕೊನೆಗೆ ನನ್ನ ಅಭಿಪ್ರಾಯ ಬೇಕು. ಕೇಳಲಿಕ್ಕೆ ಸರಿಯಾಗಿಯೇ ಇದೆ. 2011ರ ಜನಗಣತಿಯಲ್ಲೇ ಬೆಂಗಳೂರಿನಲ್ಲಿ ಕನ್ನಡ ಮಾತೃಭಾಷೆಯವರು ಅರ್ಧಕ್ಕಿಂತ ಕಡಿಮೆ ಇದ್ದರು. ಭಾಷೆ ಗೊತ್ತಿಲ್ಲದವರ ಮುಂದೆ ಯಾರು ತಾನೇ ಮನೆಯ ಗುಟ್ಟು ಬಿಚ್ಚುತ್ತಾರೆ? ಆದರೂ ಕೂಡಲೇ ಸಹಿ ಹಾಕುವ ಮನಸ್ಸಾಗಲಿಲ್ಲ. ಒಂದೇ ಮನೆಯೊಳಗೆ ಎರಡು ಭಾಷೆ ಇದ್ದರೆ ಯಾವುದನ್ನು ನೋಡಿ ಕೇಸು ಕೊಡುವುದು?

ಜುಲೈ 4, ಗುರುವಾರ

ಅಂಥದೇ ಒಂದು ಮನೆ ಇವತ್ತು ಬಂತು. ಗುರುತು ಸಿಗುವಂಥದ್ದೇನೂ ಇಲ್ಲಿ ಬರೆಯುವುದಿಲ್ಲ. ಮದ್ದೂರಿನ ಕಡೆಯ ಅಜ್ಜಿ, ಗಂಡ ತೀರಿಕೊಂಡ ಮೇಲೆ ಬೆಂಗಳೂರಿಗೆ ಬಂದು ಮಗನ ಜೊತೆ ಇದ್ದಾರೆ. ಸೊಸೆ ಲಖನೌದವಳು, ಬ್ಯಾಂಕಿನಲ್ಲಿ ಕೆಲಸ. ಮೊಮ್ಮಗಳಿಗೆ ಒಂಬತ್ತು ವರ್ಷ. ಬೆಳಿಗ್ಗೆ ಸ್ಕೂಲಿಗೆ ಹೊರಡುವ ಹೊತ್ತಿಗೆ ಹೊಟ್ಟೆನೋವು. ಮಕ್ಕಳ ಡಾಕ್ಟರು ಎಲ್ಲ ಪರೀಕ್ಷೆ ಮಾಡಿಸಿ, ಏನೂ ಇಲ್ಲ ಎಂದು ನಮ್ಮಲ್ಲಿಗೆ ಕಳಿಸಿದ್ದಾರೆ.

ಧಾರವಾಡದವನೂ ಗುವಾಹಟಿಯವಳೂ ಒಳಗೆ ಕೂತರು. ಅವಳಿಗೆ ಹಿಂದಿ ಸಲೀಸು, ಕನ್ನಡ ತೊದಲು. ಒಂದೇ ಕಡೆಯಿಂದ ಕಾಣುವ ಗಾಜಿನ ಈಚೆ ನಾನು, ಉಳಿದವರು.

ಕುರ್ಚಿ ಯಾರಿಗೆ ಬೇಕಾದ್ದು ಅವರು ಹಿಡಿಯಲಿ ಎಂದು ಬಿಟ್ಟಿದ್ದೆವು. ಅಜ್ಜಿ ಒಂದು ತುದಿ, ಸೊಸೆ ಇನ್ನೊಂದು ತುದಿ, ಮಗ ಬಾಗಿಲ ಪಕ್ಕ. ಹುಡುಗಿ ಯಾರೂ ಹೇಳದೆಯೇ ನಡುವಿನ ಕುರ್ಚಿಯ ಅಂಚಿನಲ್ಲಿ ಕೂತಳು. ಅಜ್ಜಿಗೆ ಹಿಂದಿ ಬಾರದು, ಸೊಸೆಯ ಕನ್ನಡ ತರಕಾರಿ ಅಂಗಡಿಯವರೆಗೆ ಮಾತ್ರ. ಅಜ್ಜಿ, "ಅವ್ಳು ಮಗೀಗೆ ಉಣ್ಣಕ್ಕಿಕ್ಕದೆ ಫೋನ್ ನೋಡ್ತಾ ಕೂತಿರ್ತಾಳೆ" ಅಂದರು. ಹುಡುಗಿ ಅಮ್ಮನ ಕಡೆ ತಿರುಗಿ ಹಿಂದಿಯಲ್ಲಿ, ಅಜ್ಜಿ ನನ್ನ ಊಟದ ವಿಷಯ ಹೇಳ್ತಿದ್ದಾರೆ, ಅಷ್ಟೇ, ಅಂದಳು. ಅಮ್ಮ ಒಂದು ಚುಚ್ಚುಮಾತು ಆಡಿದಳು. ಅದೂ ಅಜ್ಜಿಯ ಕಿವಿಗೆ ಬೀಳುವಷ್ಟರಲ್ಲಿ ಮೊನೆ ಕಳೆದುಕೊಂಡಿತ್ತು. ಮಗ ಎರಡೂ ಭಾಷೆ ಬಲ್ಲವನು, ಒಂದು ಮಾತೂ ಆಡಲಿಲ್ಲ.

ಅಜ್ಜಿ ಮಧ್ಯದಲ್ಲೇ ಧಾರವಾಡದವನನ್ನು ವಿಚಾರಿಸಿಕೊಂಡರು. ಯಾವೂರು, ಯಾರ ಪೈಕಿ, ಮದುವೆ ಆಗಿದೆಯೋ ಇಲ್ಲವೋ. "ನಿನ್ನ ಮಾತು ನಂಗೆ ಅರ್ಧ ತಿಳೀತದೆ ಕಣಪ್ಪ, ಆದ್ರೂ ನೀನು ನಮ್ಮೋನೇ" ಎಂದು ತೀರ್ಪು ಕೊಟ್ಟರು. ಸೊಸೆ ಕೈಕಟ್ಟಿ ಹಿಂದಕ್ಕೆ ಒರಗಿದ್ದು ಗಾಜಿನ ಈಚೆಯಿಂದ ಚೆನ್ನಾಗಿ ಕಂಡಿತು.

ಜುಲೈ 5, ಶುಕ್ರವಾರ

ಸೂಪರ್‌ವಿಷನ್ನಿನಲ್ಲಿ ಮಕ್ಕಳು ದುಭಾಷಿಗಳಾಗುವ ವಿಚಾರ ತೆಗೆದುಕೊಂಡೆ. ವಲಸೆ ಕುಟುಂಬಗಳ ಬಗ್ಗೆ ಬರೆದ ಹಲವರು ಇದನ್ನು ಗುರುತಿಸಿದ್ದಾರೆ. ಮಗು ಭಾಷೆ ಬೇಗ ಕಲಿಯುತ್ತದೆ, ಹಿರಿಯರು ಮಗುವಿನ ಮೇಲೆ ಅವಲಂಬಿಸುತ್ತಾರೆ, ಮನೆಯ ಮೇಲುಕೆಳಗು ತಿರುವುಮುರುವಾಗುತ್ತದೆ. ಬೆಂಗಳೂರಿನಲ್ಲಿ ಇದಕ್ಕೆ ದೇಶ ದಾಟಬೇಕಾಗಿಲ್ಲ, ಮದುವೆ ಸಾಕು. ಆ ಹುಡುಗಿ ಸ್ಕೂಲಿಗೆ ಹೋದರೆ ಅಜ್ಜಿ, ಅಮ್ಮ ಮುಖಾಮುಖಿಯಾಗುವ ಬೆಳಗಿನ ಗಳಿಗೆಗೆ ಕಾವಲು ಯಾರು? ಹೊಟ್ಟೆನೋವನ್ನು ಸದ್ಯಕ್ಕೆ ಈ ದಾರಿಯಲ್ಲಿ ಊಹಿಸಿಕೊಂಡು ಹೋಗೋಣ, ತಪ್ಪಿದರೆ ಬಿಡೋಣ ಎಂದೆ.

ಆಮೇಲೆ ಕುಟುಂಬ ಚಿಕಿತ್ಸಕ ಸಾಲ್ವಡಾರ್ ಮಿನೂಚಿನ್ ಅವರ ಕಥೆ ಹೇಳಿದೆ. 1921ರಲ್ಲಿ ಅರ್ಜೆಂಟೀನಾದಲ್ಲಿ, ರಷ್ಯಾದಿಂದ ವಲಸೆ ಬಂದ ಯಹೂದಿ ಮನೆತನದಲ್ಲಿ ಹುಟ್ಟಿದವರು. ಇಸ್ರೇಲಿಗೆ ಹೋಗಿ, ಅಮೆರಿಕಕ್ಕೆ ಬಂದು, ನ್ಯೂಯಾರ್ಕಿನ ಬಡ ಕರಿಯರ, ಪೋರ್ಟೊರಿಕೊದವರ ಮನೆಗಳ ಜೊತೆ ಕೆಲಸ ಮಾಡಿದರು. 1967ರಲ್ಲಿ ಕೊಳೆಗೇರಿಯ ಕುಟುಂಬಗಳ ಬಗ್ಗೆ ಸಹೋದ್ಯೋಗಿಗಳ ಜೊತೆ ಪುಸ್ತಕ ತಂದರು. ಫಿಲಡೆಲ್ಫಿಯಾದಲ್ಲಿ ಅವರು ಮಾಡಿದ ದೊಡ್ಡ ಸಾಹಸ ಎಂದರೆ, ಪದವಿ ಇಲ್ಲದ ಅಲ್ಲಿನ ಕೇರಿಯವರನ್ನೇ ಕರೆತಂದು ಕುಟುಂಬ ಚಿಕಿತ್ಸಕರನ್ನಾಗಿ ತಯಾರು ಮಾಡಿದ್ದು. ಅದೂ ಕಣ್ಣೆದುರಿನ ಸೂಪರ್‌ವಿಷನ್ನಿನಲ್ಲಿ. ನಮ್ಮ ಈ ಗಾಜು, ಇಂಟರ್‌ಕಾಮು ಆ ಪರಂಪರೆಯಿಂದ ಬಂದದ್ದೇ.

ಕೋಲಾರದವಳು ಕೇಳಿದಳು: "ಹಾಗಾದ್ರೆ ಆಫೀಸಿನವರು ಹೇಳೋದೂ ಅದೇ ಅಲ್ವಾ ಮೇಡಂ? ಆ ಜನದವರನ್ನೇ ಆ ಜನಕ್ಕೆ ಕೊಡಿ ಅಂತ?" ಒಳ್ಳೆಯ ಪ್ರಶ್ನೆ. ಮಿನೂಚಿನ್ ಕೇರಿಯವರನ್ನು ಕರೆತಂದು ಅಷ್ಟಕ್ಕೇ ಕೈತೊಳೆದುಕೊಳ್ಳಲಿಲ್ಲ, ಗಾಜಿನ ಹಿಂದೆ ಪರಸ್ಥಳದವರನ್ನೂ ಕೂರಿಸಿದ್ದರು ಎಂದೆ.

ಜುಲೈ 11, ಗುರುವಾರ

ಎರಡನೇ ಭೇಟಿ. ಹುಡುಗಿಗೆ ಗುವಾಹಟಿಯವಳು ಮೊದಲೇ ಹೇಳಿದಳು: ಇಲ್ಲಿ ಯಾರ ಮಾತನ್ನೂ ನೀನು ಯಾರಿಗೂ ಹೇಳಬೇಕಾಗಿಲ್ಲ, ಅದು ಅಪ್ಪನ ಕೆಲಸ. ಹುಡುಗಿ ಅಪ್ಪನನ್ನು ನೋಡಿದಳು. ಅಪ್ಪ ಕುರ್ಚಿ ಎಳೆದುಕೊಂಡು ನಡುವೆ ಬರಲೇಬೇಕಾಯಿತು, ಮುಖ ಸಪ್ಪಗೆ ಮಾಡಿಕೊಂಡೇ ಬಂದ.

ಗಮನಿಸಬೇಕಾದ್ದು ಇನ್ನೊಂದು ನಡೆಯಿತು. ಭೇಟಿ ಮುಗಿಸಿ ಬಂದ ನಮ್ಮ ಇಬ್ಬರೂ ಪರಸ್ಪರ ವಾದಕ್ಕೆ ನಿಂತರು. ಅವನು, "ವಯಸ್ಸಾದ ಜೀವ ಮೇಡಂ, ಇಡೀ ದಿನ ಮನ್ಯಾಗ ಮಾತಾಡ್ಲಿಕ್ಕ ಒಬ್ಬರೂ ಇಲ್ರಿ" ಅಂದ. ಅವಳು, ಸೊಸೆ ದುಡಿದು ಬಂದು ಅಡುಗೆಯನ್ನೂ ಮಾಡಬೇಕಾ ಅಂದಳು. ಒಬ್ಬ ಅಜ್ಜಿಯ ವಕೀಲ, ಒಬ್ಬಳು ಸೊಸೆಯ ವಕೀಲೆ. ಮನೆಯ ಬಿರುಕು ನಮ್ಮ ತಂಡದೊಳಗೇ ಬಂದು ಕೂತಿತ್ತು. ಭಾಷೆ ನೋಡಿ ಹಂಚಿದರೆ ಆಗುವುದೇ ಇದು. ಮನೆಯವರು ತಮ್ಮ ಭಾಷೆಯವರನ್ನು ನೆಂಟರನ್ನಾಗಿ ಮಾಡಿಕೊಳ್ಳುತ್ತಾರೆ, ನೆಂಟರಾದ ಮೇಲೆ ಪಕ್ಷ ವಹಿಸದೆ ಇರಲಿಕ್ಕೆ ಆಗುವುದಿಲ್ಲ.

ಮುಂದಿನ ವಾರ ಅದಲುಬದಲು. ಅಜ್ಜಿಯ ಜೊತೆ ಅವಳು, ಸೊಸೆಯ ಜೊತೆ ಹುಬ್ಬಳ್ಳಿ-ಧಾರವಾಡದ ಹಿಂದಿಯಲ್ಲಿ ಇವನು. "ನನ್ನ ಕನ್ನಡ ಕೇಳಿ ಅಜ್ಜಿ ನಗ್ತಾರೆ" ಎಂದು ಅವಳು ಹೆದರಿದಳು. ನಗಲಿ ಬಿಡು ಎಂದೆ. ಮಿನೂಚಿನ್ ಅವರ ಇಂಗ್ಲಿಷಿನಲ್ಲಿ ಕೊನೆಯವರೆಗೂ ಸ್ಪ್ಯಾನಿಷ್ ರಾಗ ಇತ್ತು. ಪರದೇಶಿಯಾದ್ದರಿಂದ ನನಗೆ ತಿಳಿಯಲಿಲ್ಲ, ಬಿಡಿಸಿ ಹೇಳಿ ಎನ್ನುವ ಸಲಿಗೆ ಅವರಿಗಿತ್ತು.

ಜುಲೈ 14, ಭಾನುವಾರ

ಟೆಕ್ಸಸ್‌ನಿಂದ ಹಳೆಯ ವಿದ್ಯಾರ್ಥಿನಿ ಫೋನ್ ಮಾಡಿದ್ದಳು. ಅಲ್ಲಿ ಲೈಸೆನ್ಸಿಗೆ ಬೇಕಾದ ಗಂಟೆಗಳನ್ನು ಸೂಪರ್‌ವೈಸರ್ ಕೈಕೆಳಗೆ ತುಂಬಿಸುತ್ತಿದ್ದಾಳೆ. ಕನ್ನಡದ ಮನೆಗಳೆಲ್ಲ ಅವಳ ಪಾಲಿಗೆ. ಬಾಣಂತನಕ್ಕೆಂದು ಆರು ತಿಂಗಳ ಮಟ್ಟಿಗೆ ಬಂದ ತಾಯಂದಿರು, ಚಳಿಗಾಲದಲ್ಲಿ ನಾಲ್ಕು ಗೋಡೆ ನೋಡುತ್ತ ಕೂರುವ ಮಾವಂದಿರು, ಕನ್ನಡ ಅರ್ಥವಾದರೂ ಉತ್ತರ ಇಂಗ್ಲಿಷಿನಲ್ಲೇ ಕೊಡುವ ಮಕ್ಕಳು.

ಅವಳ ತೊಂದರೆ ಬೇರೆ. ಭೇಟಿ ಕನ್ನಡದಲ್ಲಿ ನಡೆಯುತ್ತದೆ, ಸೂಪರ್‌ವಿಷನ್ ಇಂಗ್ಲಿಷಿನಲ್ಲಿ. ರೆಕಾರ್ಡಿಂಗ್ ಕೇಳಿದರೂ ಸೂಪರ್‌ವೈಸರಿಗೆ ತಿಳಿಯದು. "ನಾನು ಹೇಳಿದ್ದೇ ವೇದವಾಕ್ಯ ಆಗಿಬಿಟ್ಟಿದೆ ಮೇಡಂ. ಇದು ನಮ್ಮ ಕಲ್ಚರ್ ಅಂದ್ರೆ ಸಾಕು, ಬರ್ಕೋತಾರೆ. ಒಂದು ಸಲ ಆದ್ರೂ ಯಾರಾದ್ರೂ ಅಡ್ಡಪ್ರಶ್ನೆ ಹಾಕಬಾರ್ದಾ ಅನ್ಸತ್ತೆ." ಎರಡು ಭಾಷೆಯವರ ತರಬೇತಿಯ ಬಡತನ ಎಲ್ಲಿದೆ ಎಂದು ಇದಕ್ಕಿಂತ ಚೆನ್ನಾಗಿ ಯಾರೂ ಹೇಳಿದ್ದು ಕೇಳಿಲ್ಲ. ಭಾಷೆ ಬಲ್ಲೆ ಎನ್ನುವ ಕಾರಣಕ್ಕೇ ಅವಳನ್ನು ಪರೀಕ್ಷಿಸುವವರು ಇಲ್ಲ.

ಜುಲೈ 18, ಗುರುವಾರ

ಪೇಪರಿನ ತುಂಬ ಸ್ಥಳೀಯರಿಗೆ ಉದ್ಯೋಗ ಮೀಸಲಿನ ಮಸೂದೆ. ಸೋಮವಾರ ಸಂಪುಟ ಒಪ್ಪಿತು, ನಿನ್ನೆ ಸರ್ಕಾರ ತಡೆಹಿಡಿಯಿತು. ನಮ್ಮವರು, ಹೊರಗಿನವರು ಎನ್ನುವ ಮಾತು ಕ್ಯಾಂಟೀನಿನಲ್ಲೂ ಅದೇ, ವೇಟಿಂಗ್ ಹಾಲಿನಲ್ಲೂ ಅದೇ. ಸೊಸೆ ಇವತ್ತು ಸುಮ್ಮನೆ ಬಂದು ಕೂತಳು.

ಮನೆತನದ ನಕ್ಷೆ, ಅಂದರೆ ಜೀನೋಗ್ರಾಂ, ಬರೆಯುವ ದಿನ. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ, ಮೂರು ತಲೆಮಾರು. ಗುವಾಹಟಿಯವಳು ಮಾರ್ಕರ್ ಹಿಡಿದು ತೊದಲು ಕನ್ನಡದಲ್ಲಿ ಕೇಳಿದಳು: "ಅಜ್ಜಿ, ಮದುವೆ ಆಗಿ ಗಂಡನ ಮನೆ ಬಂದಾಗ... ಹೊಸ ಮನೆ... ಭಯ ಆಯ್ತಾ?"

ಅಜ್ಜಿ ನಕ್ಕುಬಿಟ್ಟರು. "ಯಾವ ಹೊಸ ಮನೆ? ನಾನು ಕಟ್ಕಂಡಿದ್ದು ನಮ್ಮ ಸೋದರಮಾವನ್ನ. ಅದು ನಮ್ಮಜ್ಜಿ ಮನೇನೇ ಕಣವ್ವ."

ಇವಳ ಕೈ ನಿಂತಿತು. "ಹಾಗಾದ್ರೆ ನಿಮ್ಮ ಅತ್ತೆ ಯಾರು?"

"ನಮ್ಮಜ್ಜಿನೇ. ನಮ್ಮವ್ವನ ಹೆತ್ತೋಳು. ಬೈದ್ರೂ ಅವ್ಳೇ, ಬಾಚಿ ತಬ್ಕಂಡ್ರೂ ಅವ್ಳೇ."

ಬೋರ್ಡಿನ ಮೇಲೆ ಗೆರೆ ಮೇಲಕ್ಕೆ ಹೋಗಿ ಸುತ್ತಿಕೊಂಡು ಮತ್ತೆ ಅಲ್ಲಿಗೇ ಬಂತು. ರಕ್ತಸಂಬಂಧದ ಮದುವೆಗೆ ಹಾಕುವ ಜೋಡಿಗೆರೆ ಎಳೆದಾಗ ಸೊಸೆ ಇದೇನು ಎಂದು ಕೇಳಿದಳು. ಗಂಡನೇ ಹೇಳಬೇಕಾಯಿತು. ಇಷ್ಟು ವರ್ಷ ಅವಳಿಗೆ ಇದು ಗೊತ್ತೇ ಇರಲಿಲ್ಲ. ಲಖನೌದ ಬೀಗರು ಏನೆಂದುಕೊಳ್ಳುತ್ತಾರೋ ಎಂದು ಮದುವೆಯ ಮಾತುಕತೆಯಲ್ಲೇ ಮುಚ್ಚಿಟ್ಟಿದ್ದನಂತೆ. ತಾಯಿಯ ಕಡೆಯ ಗೋತ್ರವನ್ನೂ ಬಿಟ್ಟು ಹೆಣ್ಣು ಹುಡುಕುವ ಕಡೆಯಿಂದ ಬಂದವಳು ಅವಳು. ಮೊದಲು ಬೆಚ್ಚಿದಳು. ಆಮೇಲೆ ಧಾರವಾಡದವನ ಕಡೆ ತಿರುಗಿ ನಿಧಾನವಾಗಿ ಹೇಳಿದಳು: ಹಾಗಾದರೆ ಇವರು ಯಾವತ್ತೂ ಅಪರಿಚಿತರ ಮನೆಗೆ ಹೋಗಿ ಬಾಳಿಲ್ಲ.

ಜುಲೈ 19, ಶುಕ್ರವಾರ

ಧಾರವಾಡದವನನ್ನು ಕೇಳಿದೆ, ಎರಡು ಭೇಟಿ ಅಜ್ಜಿಯ ಪಕ್ಕ ಕೂತೆಯಲ್ಲ, ಮದುವೆ ಯಾರ ಜೊತೆ ಆಯಿತು ಎಂದು ಕೇಳಲಿಲ್ಲ ಯಾಕೆ?

"ಮೊದಲನೇ ದಿನಾನ ಹೇಳಿದ್ರು ಮೇಡಂ. ಅದರಾಗ ಕೇಳೂದೇನೈತ್ರಿ? ನಮ್ಮ ಮನ್ಯಾಗೂ ಹಂಗ ಐತಿ."

ನಿಜ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಮದುವೆಗಳು ಸಂಬಂಧದೊಳಗೇ. 1955ರ ಹಿಂದೂ ವಿವಾಹ ಕಾಯ್ದೆಯೂ ಹತ್ತಿರದ ಸಂಬಂಧವನ್ನು ನಿಷೇಧಿಸಿ, ರೂಢಿ ಇದ್ದಲ್ಲಿ ಬಿಟ್ಟುಕೊಟ್ಟಿದೆ. ಅವನ ಕಿವಿಗೆ ಬಿತ್ತು, ಸಹಜ ಎನಿಸಿತು, ಕಡತಕ್ಕೆ ಹೋಗಲಿಲ್ಲ. ಅತ್ತೆ-ಸೊಸೆ ಜಗಳ ಎಂದು ನಾವು ಬರೆದುಕೊಂಡಿದ್ದೆವು. ಅಜ್ಜಿಗೋ ಅತ್ತೆ ಎಂದರೆ ಎತ್ತಿ ಆಡಿಸಿದ ಅಜ್ಜಿ. ಹೊಸಬಳಾಗಿ ಒಂದು ಮನೆ ಹೊಕ್ಕು, ಅಡುಗೆಮನೆಯ ಡಬ್ಬಿಗಳಲ್ಲಿ ಏನೇನಿದೆ ಎಂದು ತಡಕಾಡಿದ ಅನುಭವವೇ ಅವರಿಗಿಲ್ಲ. ಸೊಸೆಯ ಬಿಗುಮಾನ ಅವರಿಗೆ ಸೊಕ್ಕಾಗಿ ಕಂಡದ್ದು ಆಶ್ಚರ್ಯವಲ್ಲ.

ಆದರೆ ಗುವಾಹಟಿಯವಳಿಗೂ ಕಡಿವಾಣ ಬೇಕಿತ್ತು. ಒಂದೇ ರಾತ್ರಿಯಲ್ಲಿ ಸಿದ್ಧಾಂತ ಕಟ್ಟಿಕೊಂಡು ಬಂದಿದ್ದಳು. ಸೋದರಮಾವನ ಮದುವೆ, ಅದರಿಂದ 'ಎನ್‌ಮೆಶ್ಡ್', ಅಂದರೆ ಒಬ್ಬರೊಳಗೊಬ್ಬರು ಗಡಿಯಿಲ್ಲದೆ ಹೆಣೆದುಕೊಂಡ ಕುಟುಂಬ, ಅದರಿಂದ ಮಗುವಿನ ಹೊಟ್ಟೆನೋವು. ಮಿನೂಚಿನ್ ಅವರ 1974ರ ಪುಸ್ತಕದ ಆ ಪರಿಭಾಷೆಯನ್ನು ಅಳತೆಗೋಲು ಮಾಡಿಕೊಂಡರೆ ಮಂಡ್ಯ ಜಿಲ್ಲೆಯ ಅರ್ಧ ಮನೆಗಳಿಗೆ ರೋಗದ ಹೆಸರು ಅಂಟಿಸಬಹುದು. ಹೆಣೆದುಕೊಂಡು ಬಾಳುವುದು ಕಾಯಿಲೆಯಲ್ಲ. ಅಮೃತಸರದಲ್ಲಿ ಡಾ. ವಿದ್ಯಾಸಾಗರ್ 1950ರ ದಶಕದಲ್ಲೇ ಮಾನಸಿಕ ಆಸ್ಪತ್ರೆಯ ಬಯಲಿನಲ್ಲಿ ಡೇರೆ ಹಾಕಿಸಿ, ರೋಗಿಗಳ ಜೊತೆ ಮನೆಯವರನ್ನೂ ಇರಿಸಿಕೊಂಡದ್ದು ಆ ಹೆಣಿಗೆಯ ಬಲ ತಿಳಿದೇ. ಹೊರಗಿನವಳ ಪ್ರಶ್ನೆ ಬೇಕು, ತೀರ್ಪು ಬೇಡ ಎಂದೆ.

ಇವನು ಗೊತ್ತಿದ್ದರೂ ಕೇಳುವುದನ್ನು ಕಲಿಯಬೇಕು. ಅವಳು ಉತ್ತರ ಬಂದ ಮೇಲೂ ಕೇಳುವುದನ್ನು.

ಜುಲೈ 25, ಗುರುವಾರ

ಮಗ ಮೀಟಿಂಗ್ ನೆಪ ಹೇಳಿ ತಪ್ಪಿಸಿಕೊಂಡ. ದುಭಾಷಿ ಕೆಲಸ ಅವನಿಗೆ ಒಗ್ಗುತ್ತಿಲ್ಲ. ಇಷ್ಟು ದಿನ ಮಗಳು ಹೊತ್ತದ್ದು ಎಂಥ ಭಾರ ಎಂದು ಅವನಿಗೆ ಈಗ ತಿಳಿದಿರಬೇಕು. ಸೊಸೆ, ಅಜ್ಜಿ, ಹುಡುಗಿ ಮೂವರೇ ಬಂದರು.

ಮಿಲಾನಿನ ಕುಟುಂಬ ಚಿಕಿತ್ಸಕರ ತಂಡದವರು 1980ರಲ್ಲಿ ಬರೆದ ಸುತ್ತುಬಳಸಿನ ಪ್ರಶ್ನೆಗಳನ್ನು, ಅಂದರೆ ಇಬ್ಬರ ಸಂಬಂಧದ ಬಗ್ಗೆ ಮೂರನೆಯವರನ್ನು ಕೇಳುವ ವಿಧಾನವನ್ನು, ನಮ್ಮವರು ಪ್ರಯೋಗಿಸಿದರು. ಹಿರಿಯರ ಎದುರಿಗೇ ಮಗುವನ್ನು ಕೇಳಿದರೆ ನಮ್ಮ ಕಡೆ ಅಧಿಕಪ್ರಸಂಗವಾಗುತ್ತದೆ. ಹಾಗಾಗಿ ಅಜ್ಜಿಯನ್ನೇ ಕೇಳಿದರು, ಅಮ್ಮ-ಮಗಳು ಸಂತೋಷವಾಗಿರುವುದು ಯಾವಾಗ ಎಂದು. ಅಜ್ಜಿ, ತಲೆ ಬಾಚೋವಾಗ, ಅಂದರು. ಸ್ವಲ್ಪ ತಡೆದು, "ಪಾಪ, ಅವ್ಳಿಗೆ ಇಲ್ಲಿ ಅವಳ ಕಡೆಯೋರು ಯಾರವ್ರೆ" ಎಂದರು. ಮರುಕ್ಷಣವೇ ಸೊಸೆಗೆ ಮುದ್ದೆ ಕಟ್ಟಲು ಬಾರದ ದೂರು. ಹುಡುಗಿ ಬಾಯಿ ತೆರೆದಳು, ಧಾರವಾಡದವನು ಕೈಸನ್ನೆ ಮಾಡಿ ತಡೆದ. ಸೊಸೆಗೆ ಮುದ್ದೆ ಅನ್ನುವುದೊಂದು ಅರ್ಥವಾಗಿತ್ತು. ಹಿಂದಿಯಲ್ಲೇ ಅಜ್ಜಿಗೆ ನೇರವಾಗಿ ಉತ್ತರ ಕೊಟ್ಟಳು. ಒಂದಷ್ಟು ಹೊತ್ತು ಇಬ್ಬರೂ ಅವರವರ ಭಾಷೆಯಲ್ಲಿ ಮುಖ ನೋಡಿಕೊಂಡೇ ಜಗಳವಾಡಿದರು. ಮಗು ನಡುವೆ ಇಲ್ಲದ ಮೊದಲ ಜಗಳ.

ಹೊಟ್ಟೆನೋವು ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಇನ್ನೂ ಕೆಲವು ಭೇಟಿ ಬೇಕು. ಮಗ ಬರಲೇಬೇಕು.

ಜುಲೈ 29, ಸೋಮವಾರ

ಆಫೀಸಿಗೆ ಅಭಿಪ್ರಾಯ ಬರೆದು ಕಳಿಸಿದೆ. ಭಾಷೆ ಬಲ್ಲ ಒಬ್ಬರು ಪ್ರತಿ ಕೇಸಿನಲ್ಲೂ ಇರಲಿ, ಅದರಲ್ಲಿ ರಾಜಿ ಇಲ್ಲ. ಜೊತೆಗೆ ಬೇರೆ ಕಡೆಯ ಒಬ್ಬರೂ ಇರಲಿ, ಮಧ್ಯದಲ್ಲಿ ಇಬ್ಬರೂ ಪಾತ್ರ ಬದಲಿಸಲಿ. ಮಕ್ಕಳನ್ನು ದುಭಾಷಿಯಾಗಿ ಕೂರಿಸಬಾರದು. ಭೇಟಿ ಯಾವ ಭಾಷೆಯಲ್ಲಿ ನಡೆಯಿತೋ ರೆಕಾರ್ಡಿಂಗನ್ನು ಆ ಭಾಷೆಯಲ್ಲೇ ಕೇಳಿ ಚರ್ಚಿಸಬೇಕು. ನಮ್ಮಲ್ಲಿ ಆ ಭಾಷೆ ಬಲ್ಲ ಹಿರಿಯರಿಲ್ಲದಿದ್ದರೆ ಹೊರಗಿನಿಂದ ಕರೆಸಬೇಕು. ಒಬ್ಬರ ಜಾಗಕ್ಕೆ ಇಬ್ಬರು ಎಂದರೆ ಖರ್ಚು ಹೆಚ್ಚು, ಕಾಯುವವರ ಸಾಲೂ ಉದ್ದವಾಗುತ್ತದೆ. ಅದನ್ನೂ ಮುಚ್ಚಿಡದೆ ಬರೆದಿದ್ದೇನೆ.

ಇನ್ನೊಂದು ಷರತ್ತು: ಕೇಸು ಮುಟ್ಟುವ ಮೊದಲು ಪ್ರತಿ ಟ್ರೇನಿಯೂ ತನ್ನ ಮನೆಯ ಜೀನೋಗ್ರಾಂ ಬರೆದು, ಬೇರೆ ಊರಿನವರ ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ಇವತ್ತು ಮಧ್ಯಾಹ್ನ ಧಾರವಾಡದವನನ್ನು ಕೋಟ್ಟಯಂನವಳು ಹಿಡಿದುಕೊಂಡಳು. ಅಮ್ಮನಿಗೆ ಮಾವನನ್ನು ಮದುವೆಯಾಗಲು ಇಷ್ಟ ಇತ್ತಾ, ಯಾರಾದರೂ ಕೇಳಿದ್ದರಾ? ಅವನು ಬಾಯಿಬಿಟ್ಟ, ಮುಚ್ಚಿದ. "ನಂಗೊತ್ತಿಲ್ರಿ. ಊರಿಗೆ ಹೋದಾಗ ಕೇಳಿ ಬರ್ತೀನಿ" ಅಂದ. ಅವನಿಗೆ ಮುಂದಿನ ಕನ್ನಡದ ಕೇಸು ಕೊಡಬಹುದು.